ವೆಬ್‌ಸೈಟ್ ಸರ್ಟಿಫಿಕೇಟ್‌ಗೆ ಸಿಎಸ್‌ಆರ್ ಮಾಡುವ ಮುಂಚೆ ಕೀ ಎಲ್ಲಿ ಉಳಿಯುತ್ತದೆ ಅಂತ ನೋಡಿಕೊಳ್ಳಿ

ತಿಪಟೂರಿನಲ್ಲಿ ಕೊಬ್ಬರಿ ವ್ಯಾಪಾರ ಮಾಡುವ ಗೆಳೆಯನ ವೆಬ್‌ಸೈಟ್‌ಗೆ ಸುರಕ್ಷಿತ ಸಂಪರ್ಕದ (https) ಸರ್ಟಿಫಿಕೇಟ್ ಬೇಕಿತ್ತು. ತುಮಕೂರಿನ ಮನೆಯಲ್ಲೇ ಕೂತು ಇಂಥ ಕೆಲಸಕ್ಕೆ ಬಳಸುವ ಓಪನ್‌ಎಸ್‌ಎಸ್‌ಎಲ್ ಸಾಫ್ಟ್‌ವೇರ್‌ನ ರೆಕ್ (req) ಕಮಾಂಡ್ ಓಡಿಸಿದೆ. ಎರಡು ಫೈಲ್ ಬಂದವು, ಒಂದು ನಮ್ಮಲ್ಲೇ ಗುಟ್ಟಾಗಿ ಇರಬೇಕಾದ ಪ್ರೈವೇಟ್ ಕೀ, ಇನ್ನೊಂದು ಸಿಎಸ್‌ಆರ್, ಅಂದರೆ ಸರ್ಟಿಫಿಕೇಟ್ ಕೊಡುವ ಸಂಸ್ಥೆಗೆ ಕಳಿಸುವ ಅರ್ಜಿ. ಎರಡನ್ನೂ ಟೆಂಪ್ ಫೋಲ್ಡರ್‌ನಲ್ಲಿ ಬಿಟ್ಟಿದ್ದೆ. ಸಂಜೆ ಕರೆಂಟ್ ಹೋಯಿತು, ಮಷಿನ್ ರೀಸ್ಟಾರ್ಟ್ ಆಯಿತು, ಕೀ ಮಾಯ! ಮರುದಿನ ಬಂದ ಸರ್ಟಿಫಿಕೇಟ್ ಆ ಕೀ ಇಲ್ಲದೆ ಯಾವ ಕೆಲಸಕ್ಕೂ ಬರಲಿಲ್ಲ.

ಅದಕ್ಕೇ ಬೇರೆ ಫೋಲ್ಡರ್ ಮಾಡಿ ಅಲ್ಲಿಂದಲೇ ಕಮಾಂಡ್ ಕೊಡಿ. 2048 ಬಿಟ್‌ನ ಆರ್‌ಎಸ್‌ಎ ಮಾದರಿಯ ಕೀ ಸಾಕು, ಸುಮ್ನೆ ಜಾಸ್ತಿ ಮಾಡಬೇಕಿಲ್ಲ. ನೋಡೆಸ್ (-nodes) ಆಯ್ಕೆ ಹಾಕದಿದ್ದರೆ ಕೀಗೆ ಪಾಸ್‌ವರ್ಡ್ ಬೀಳುತ್ತದೆ, ಆಮೇಲೆ ವೆಬ್ ಸರ್ವರ್ ಪ್ರತಿ ಸಲ ಶುರುವಾಗುವಾಗಲೂ ಅದನ್ನೇ ಕೇಳುತ್ತಾ ಕೂರುತ್ತದೆ. ಕಮಾಂಡ್ ಕೇಳುವ ವಿವರಗಳಲ್ಲಿ ದೇಶಕ್ಕೆ ಐ, ಎನ್ (IN) ಎರಡೇ ಅಕ್ಷರ. ರಾಜ್ಯ ಮಾತ್ರ ಕೆಎ ಅಲ್ಲ, ಕರ್ನಾಟಕ ಅಂತ ಪೂರ್ತಿ ಬರೆಯಿರಿ. ಊರು ತುಮಕೂರು ಆದರೆ 2014ರಲ್ಲಿ ಬದಲಾದ Tumakuru ಸ್ಪೆಲಿಂಗೇ ಇರಲಿ, ಹಳೇ ಟುಮ್ಕೂರ್ ಬೇಡ.

ಜಾಸ್ತಿ ಜನ ಎಡವುವುದು ಡೊಮೇನ್ ಹೆಸರಲ್ಲಿ. ಕಾಮನ್ ನೇಮ್ ಅನ್ನುವ ಜಾಗದಲ್ಲಿ ಬರೆದರೆ ಮುಗಿಯಿತು ಅಂದುಕೊಳ್ಳುತ್ತೇವೆ ಅಲ್ವಾ, ಆದರೆ ಕ್ರೋಮ್ 2017ರಿಂದ ಅದನ್ನು ನೋಡುವುದೇ ಇಲ್ಲ, ಸರ್ಟಿಫಿಕೇಟ್ ಯಾವ ಯಾವ ಡೊಮೇನ್‌ಗೆ ಅಂತ ಹೇಳುವ ಎಸ್‌ಎಎನ್ ಪಟ್ಟಿಯನ್ನಷ್ಟೇ ನೋಡುತ್ತದೆ. ಆಡ್‌ಎಕ್ಸ್‌ಟ್ (-addext) ಆಯ್ಕೆಯಲ್ಲಿ ಡಬ್ಲ್ಯೂಡಬ್ಲ್ಯೂಡಬ್ಲ್ಯೂ ಇರುವ ಹೆಸರು, ಇಲ್ಲದ ಹೆಸರು ಎರಡನ್ನೂ ಆ ಪಟ್ಟಿಗೆ ಸೇರಿಸಿ. ಇದಕ್ಕೆ ಓಪನ್‌ಎಸ್‌ಎಸ್‌ಎಲ್ 1.1.1 ಅಥವಾ ಅದಕ್ಕಿಂತ ಹೊಸದು ಬೇಕು. ಕಳಿಸುವ ಮುಂಚೆ ಅದೇ ರೆಕ್‌ಗೆ ನೋಔಟ್ (-noout), ಟೆಕ್ಸ್ಟ್ (-text) ಕೊಟ್ಟು ಸಿಎಸ್‌ಆರ್‌ನಲ್ಲಿ ಏನಿದೆ ಅಂತ ಒಮ್ಮೆ ಓದಿ ನೋಡಿ. ಕಳಿಸುವುದು ಸಿಎಸ್‌ಆರ್ ಮಾತ್ರ. ಕೀ ಯಾರಿಗೂ ಕೊಡಬೇಡಿ, ವಾಟ್ಸ್‌ಆ್ಯಪ್‌ನಲ್ಲಂತೂ ಬೇಡವೇ ಬೇಡ.