ಎಲ್ಲಾ ಬಿಳಿಯೇ, ಯಾವ ಡಬ್ಬಿಯಲ್ಲಿ ಏನಿದೆ?

ರಬಕವಿ-ಬನಹಟ್ಟಿ ಕಡೆ ನೂಲಿಗೆ ಬಣ್ಣ ಹಾಕುವ ಶೆಡ್ಡುಗಳಲ್ಲಿ ಕಾರುಬಾರೆಲ್ಲ ಬಿಳಿಯದೇ. ಉಪ್ಪು ಬಿಳಿ, ಸೋಡಾ ಬಿಳಿ, ಕಾಸ್ಟಿಕ್ (ಕಾಸ್ಟಿಕ್ ಸೋಡಾ) ಬಿಳಿ, ಬಣ್ಣ ಕರಗಿಸಲು ಹಾಕುವ ಹೈಡ್ರೋಸ್ ಪುಡಿಯೂ ಬಿಳಿ. ಉಪ್ಪು ಕೈಗೆ ತಾಗಿದರೆ ಏನೂ ಆಗದು. ಕಾಸ್ಟಿಕ್ ಚರ್ಮ ಸುಡುತ್ತದೆ, ಕಣ್ಣಿಗೆ ಬಿದ್ದರೆ ದೃಷ್ಟಿಯೇ ಹೋಗಬಹುದು. ಹೈಡ್ರೋಸ್‌ಗೆ ತುಸು ತೇವ ತಾಗಿದರೂ ಸಾಕು, ತಾನೇ ಬಿಸಿಯಾಗಿ ಹೊತ್ತಿಕೊಳ್ಳುವ ಭಯ.

ಕಂಪನಿಯಿಂದ ಬಂದ ಚೀಲ, ಡ್ರಮ್ಮಿನ ಮೇಲೆ ಲೇಬಲ್ ಇರುತ್ತದೆ. ಒಳಗೇನಿದೆ, ತಯಾರಿಸಿದವರು ಯಾರು, ಅದರ ಗುಣವೇನು, ವಿಷವೆಷ್ಟು ಎಂದು ಬರೆದಿರಬೇಕು ಅಂತ 1989ರ ಅಪಾಯಕಾರಿ ರಾಸಾಯನಿಕಗಳ ನಿಯಮಗಳೇ ಹೇಳುತ್ತವೆ. ಅದನ್ನು ಸಣ್ಣ ಡಬ್ಬಿಗೆ ಸುರುವಿಕೊಂಡಾಗ ಲೇಬಲ್ ಹಿಂದೆಯೇ ಉಳಿಯುತ್ತದೆ. ತೊಂದರೆ ಶುರುವಾಗುವುದು ಅಲ್ಲಿ.

ಮೊದಲು ಹೆಸರಿಲ್ಲದ ಡಬ್ಬಿಗಳನ್ನೆಲ್ಲ ಬೇರೆ ಮಾಡಿ. ಮೂಸಿ ನೋಡಬೇಡಿ, ನಾಲಿಗೆಗಂತೂ ಬೇಡವೇ ಬೇಡ. ಯಾರಿಗೂ ಖಾತ್ರಿ ಇಲ್ಲದಿದ್ದರೆ ಅಂದಾಜಿನ ಮೇಲೆ ಹೆಸರು ಬರೆಯಬಾರದು. ‘ಏನೆಂದು ಗೊತ್ತಿಲ್ಲ, ಮುಟ್ಟಬೇಡಿ’ ಎಂದೇ ಬರೆದು ದೂರ ಇಡಿ. ಗಟಾರಕ್ಕೆ ಚೆಲ್ಲಬೇಡಿ.

ಆಮೇಲೆ ಮಾಲು ಕೊಟ್ಟವರಿಂದ ಸೇಫ್ಟಿ ಡೇಟಾ ಶೀಟ್ (ಆ ಕೆಮಿಕಲ್‌ನ ಅಪಾಯ, ಎಚ್ಚರಿಕೆ ಬರೆದ ಮಾಹಿತಿ ಪತ್ರ) ಕೇಳಿ ಪಡೆಯಿರಿ. 16 ಭಾಗಗಳಿರುತ್ತವೆ, ನೋಡಿ ಗಾಬರಿಯಾಗಬೇಡಿ. ಸಣ್ಣ ಡಬ್ಬಿಗೆ ಹಚ್ಚುವ ಚೀಟಿ ಬರೆಯಲು 2ನೇ ಭಾಗ (ಅಪಾಯ), 4ನೇ ಭಾಗ (ಪ್ರಥಮ ಚಿಕಿತ್ಸೆ), 7ನೇ ಭಾಗ (ಇಡುವ ರೀತಿ), 8ನೇ ಭಾಗ (ಕೈಗವಸು, ಕನ್ನಡಕ ಇತ್ಯಾದಿ) ಓದಿದರೆ ಬಹುಪಾಲು ಕೆಲಸ ಮುಗಿಯಿತು.

ಈಗ ಬರೆಯುವುದು. ಶೆಡ್ಡಿನಲ್ಲಿ ಕರೆಯುವ ಹೆಸರೇ ದಪ್ಪ ಅಕ್ಷರದಲ್ಲಿರಲಿ. ಕೆಳಗೆ ಪೂರ್ತಿ ಹೆಸರು ಬೇಕು, ನಾಳೆ ಡಾಕ್ಟರು ಕೇಳುವುದು ಅದನ್ನೇ. ಹೀಗೆ:

‘ಹೈಡ್ರೋಸ್ (ಸೋಡಿಯಂ ಹೈಡ್ರೋಸಲ್ಫೈಟ್). ಅಪಾಯ! ತಾನೇ ಬಿಸಿಯಾಗಿ ಹೊತ್ತಿಕೊಳ್ಳಬಹುದು. ಒದ್ದೆ ಕೈ, ಒದ್ದೆ ಮಗ್ ಹಾಕಬೇಡಿ. ಆ್ಯಸಿಡ್ ಹತ್ತಿರ ಇಡಬೇಡಿ, ಉಸಿರುಗಟ್ಟಿಸುವ ಗ್ಯಾಸ್ ಬರುತ್ತದೆ. ಮುಚ್ಚಳ ಬಿಗಿಯಾಗಿರಲಿ.’

ಕಾಸ್ಟಿಕ್ ನೀರಾದರೆ ಎಷ್ಟು ಗಟ್ಟಿ ಎಂಬುದನ್ನೂ, ಕಲಸಿದ ತಾರೀಕನ್ನೂ ಬರೆಯಿರಿ. ‘ಕಣ್ಣಿಗೆ ಬಿದ್ದರೆ ಕೂಡಲೇ ನೀರಿನಲ್ಲಿ ತೊಳೆಯುತ್ತಲೇ ಇರಿ, ಆಮೇಲೆ ಆಸ್ಪತ್ರೆ’ ಎಂಬ ಸಾಲು ತಪ್ಪಬಾರದು. ಮರಾಠಿ, ಹಿಂದಿ ಓದುವ ಆಳುಗಳಿದ್ದರೆ ಆ ಭಾಷೆಯಲ್ಲೂ ಇರಲಿ.

ಓದು ಬಾರದವರಿಗೆ ಚಿತ್ರ. ಕೆಂಪು ಅಂಚಿನ, ಮೂಲೆ ಮೇಲಾಗಿ ನಿಂತ ಚೌಕದೊಳಗೆ ಕಪ್ಪು ಚಿತ್ರ ಇರುತ್ತದಲ್ವಾ, ಅದು. ಹೈಡ್ರೋಸ್‌ಗೆ ಬೆಂಕಿ, ಕಾಸ್ಟಿಕ್‌ಗೆ ಕೈ ಮತ್ತು ಲೋಹದ ಮೇಲೆ ದ್ರವ ಬಿದ್ದು ಕೊರೆಯುವ ಚಿತ್ರ.

ಚೀಟಿಯನ್ನು ಡಬ್ಬಿಯ ಹೊಟ್ಟೆಗೆ ಹಚ್ಚಿ, ಮುಚ್ಚಳಕ್ಕಲ್ಲ. ಗಡಿಬಿಡಿಯಲ್ಲಿ ಒಂದರ ಮುಚ್ಚಳ ಇನ್ನೊಂದಕ್ಕೆ ಹೋಗುವುದು ಎಲ್ಲ ಕಡೆ ಇದ್ದದ್ದೇ. ಸುಮ್ನೆ ಪೆನ್ನಿನಲ್ಲಿ ಬರೆದರೆ ಒದ್ದೆ ಕೈ ತಾಗಿ ಎರಡೇ ದಿನಕ್ಕೆ ಅಳಿಸಿಹೋಗುತ್ತದೆ. ಪರ್ಮನೆಂಟ್ ಮಾರ್ಕರ್‌ನಲ್ಲಿ ಬರೆದು ಮೇಲೆ ಅಗಲ ಪಾರದರ್ಶಕ ಟೇಪ್ ಹಾಕಿ. ಆದರೆ ನೂಲು ಬಿಳುಪು ಮಾಡುವ ಪೆರಾಕ್ಸೈಡ್ (ಹೈಡ್ರೋಜನ್ ಪೆರಾಕ್ಸೈಡ್) ಕ್ಯಾನಿನ ಮುಚ್ಚಳದಲ್ಲಿ ಗ್ಯಾಸ್ ಹೋಗಲೆಂದೇ ಸಣ್ಣ ತೂತು ಇರುತ್ತದೆ, ಅದರ ಮೇಲೆ ಟೇಪ್ ಬೀಳಬಾರದು. ಕಾಸ್ಟಿಕ್ಕನ್ನು ಅಲ್ಯುಮಿನಿಯಂ ಪಾತ್ರೆಗೆ ಹಾಕಬೇಡಿ, ಪಾತ್ರೆಯನ್ನೇ ತಿನ್ನುತ್ತದೆ. ಇನ್ನು ಕುಡಿಯುವ ನೀರಿನ ಬಾಟಲಿ: ಎಷ್ಟೇ ಚೆಂದದ ಚೀಟಿ ಹಚ್ಚಿದರೂ ಅದರಲ್ಲಿ ಕೆಮಿಕಲ್ ಇಡಬಾರದು. ಬಾಯಾರಿದವನು ಓದುತ್ತಾ ಕೂರುವುದಿಲ್ಲ.

ಖಾಲಿ ಡ್ರಮ್ ಎಂದು ಲೇಬಲ್ ಕಿತ್ತುಬಿಡಬೇಡಿ. ನಮ್ಮ ಕಡೆ ನೀಲಿ ಡ್ರಮ್ಮಿಗೆ ನೀರು ತುಂಬಿಡಲು ಬೇಡಿಕೆ ಜಾಸ್ತಿ. ಮನೆಗೆ ಕೊಡಬೇಡಿ. ಮಾಲು ಕೊಟ್ಟವರಿಗೇ ವಾಪಸ್ ಕಳಿಸಿ. ಅವರು ಒಯ್ಯದಿದ್ದರೆ ಚೆನ್ನಾಗಿ ತೊಳೆದು, ತಳಕ್ಕೆ ತೂತು ಹೊಡೆದು, ಆಮೇಲೆ ಗುಜರಿಗೆ ಹಾಕಿ.