ಕರಾವಳಿಯ ಮನೆಗೆ ವಾಲ್‌ಪೇಪರ್: ಮೊದಲು ಗೋಡೆಯ ಪಸೆ ನೋಡಿ

ಮಂಗಳೂರು, ಉಡುಪಿ ಕಡೆ ವಾಲ್‌ಪೇಪರ್ ಒಂದು ಮಳೆಗಾಲಕ್ಕೇ ಎದ್ದು ಬರುತ್ತದೆ ಎನ್ನುವವರು ಜಾಸ್ತಿ. ಹಾಗೆ ಎದ್ದು ಬಂದ ಕಡೆ ತಪ್ಪು ಹೆಚ್ಚಾಗಿ ಗೋಡೆಯದ್ದೇ. ಕೆಂಪು ಕಲ್ಲಿನ ಗೋಡೆ ಮಳೆನೀರು ಹೀರಿಕೊಂಡರೆ ಬೇಗ ಬಿಟ್ಟುಕೊಡುವುದಿಲ್ಲ. ಕಾಗದ ಅಂಟಿಸಲು ಒಂದು ದಿನ ಸಾಕು. ಗೋಡೆಗೆ ಒಂದು ವಾರವಾದರೂ ಕೊಡಿ.

ಡಿಸೆಂಬರ್‌ನಿಂದ ಮಾರ್ಚ್‌ವರೆಗಿನ ಸಮಯ ಒಳ್ಳೆಯದು. ಮಳೆ ನೇರ ಬಡಿಯುವ ಪಡುಗೋಡೆ ಬೇಡ. ಹಳೆ ಮನೆಗಳಲ್ಲಿ ಆ ಬದಿಗೆ ತೆಂಗಿನ ಮಡಲಿನ ತಟ್ಟಿ ಕಟ್ಟುತ್ತಿದ್ದುದು ಸುಮ್ನೆ ಅಲ್ಲ. ಬಾತ್‌ರೂಮಿಗೆ ತಾಗಿದ ಗೋಡೆಯನ್ನೂ ಬಿಡಿ. ಎರಡು ಕೋಣೆಗಳ ನಡುವಿನ ಒಳಗೋಡೆಯೇ ಸುರಕ್ಷಿತ.

ಪಸೆ ಪರೀಕ್ಷೆ ಸುಲಭ. ಒಂದಡಿ ಉದ್ದಗಲದ ಪ್ಲಾಸ್ಟಿಕ್ ಹಾಳೆಯನ್ನು ನಾಲ್ಕೂ ಅಂಚಿಗೆ ಟೇಪ್ ಹಾಕಿ ಗೋಡೆಗೆ ಅಂಟಿಸಿ, ಎರಡು ದಿನ ಬಿಡಿ. ನೆಲಕ್ಕೆ ಹತ್ತಿರ ಒಂದು, ಮೇಲೆ ಒಂದು ಇದ್ದರೆ ಉತ್ತಮ. ಹಾಳೆಯ ಒಳಬದಿಯಲ್ಲಿ ಹನಿ ಕಟ್ಟಿದ್ದರೆ ನೀರು ಗೋಡೆಯಿಂದ ಬರುತ್ತಿದೆ ಎಂದರ್ಥ. ಹೊರಬದಿ ಮಾತ್ರ ಒದ್ದೆಯಾದರೆ ಅದು ಕೋಣೆಯ ಗಾಳಿಯ ತೇವ. ಒಳಗಿನಿಂದ ಪಸೆ ಬರುವಾಗ ವಾಲ್‌ಪೇಪರ್ ಹಾಕಲೇಬೇಡಿ. ಸೋರಿಕೆ ಎಲ್ಲಿಂದ ಎಂದು ಹುಡುಕಿ, ಸರಿಮಾಡಿಸಿ, ಒಣಗಲು ಬಿಡಿ.

ಗೋಡೆ ಒಣಗಿದೆಯೇ? ಈಗ ಕೈಯಿಂದ ಉಜ್ಜಿ ನೋಡಿ. ಬಿಳಿ ಪುಡಿ ಅಂಟಿದರೆ ಅದು ಹಳೆ ಡಿಸ್ಟೆಂಪರ್ ಅಥವಾ ಸುಣ್ಣ. ಅದರ ಮೇಲೆ ಅಂಟಿಸಿದ ಕಾಗದ ಆ ಪುಡಿಯ ಸಮೇತ ಕಳಚಿಕೊಳ್ಳುತ್ತದೆ. ಒದ್ದೆ ಮಾಡಿ ಪುಟ್ಟಿ ಹಚ್ಚುವ ತಗಡಿನ ಪಟ್ಟಿಯಿಂದ ಕೆರೆದು ತೆಗೆಯಿರಿ. ಬೂಷ್ಟು ಹಿಡಿದಿದ್ದರೆ ಒಂದು ಪಾಲು ದ್ರವ ಬ್ಲೀಚ್‌ಗೆ ಮೂರು ಪಾಲು ನೀರು ಬೆರೆಸಿ ಒರೆಸಿ, ಆಮೇಲೆ ಬರೀ ನೀರಿನಲ್ಲಿ ತೊಳೆಯಿರಿ. ಕಿಟಕಿ ತೆರೆದಿರಲಿ, ಕೈಗೆ ಗ್ಲೌಸ್ ಇರಲಿ. ಬ್ಲೀಚ್ ಜೊತೆ ಆಸಿಡ್ ಅಥವಾ ಬೇರೆ ಯಾವ ಕ್ಲೀನರನ್ನೂ ಸೇರಿಸಬೇಡಿ, ವಿಷಗಾಳಿ ಏಳುತ್ತದೆ.

ಬಿರುಕು, ಮೊಳೆಯ ತೂತುಗಳಿಗೆ ಪುಟ್ಟಿ ತುಂಬಿ, ಒಣಗಿದ ಮೇಲೆ ನುಣುಪು ಸ್ಯಾಂಡ್‌ಪೇಪರಿನಲ್ಲಿ ತಿಕ್ಕಿ. ಟಾರ್ಚನ್ನು ಗೋಡೆಗೆ ಓರೆಯಾಗಿ ಹಿಡಿದರೆ ಉಳಿದ ಉಬ್ಬುತಗ್ಗು ಕಾಣುತ್ತದೆ. ಧೂಳು ಒರೆಸಿ ಒಂದು ಕೋಟ್ ಪ್ರೈಮರ್ ಹೊಡೆದು, ಇಡೀ ಒಂದು ದಿನ ಬಿಡಿ.

ಕಾಗದದ ಲೆಕ್ಕ ಹೀಗೆ. ಸಾಮಾನ್ಯ ರೋಲ್ 53 ಸೆಂ.ಮೀ. ಅಗಲ, 10 ಮೀಟರ್ ಉದ್ದ. 12 ಅಡಿ ಅಗಲ, 10 ಅಡಿ ಎತ್ತರದ ಗೋಡೆಗೆ ಏಳು ಪಟ್ಟಿ ಬೇಕು. ಒಂದು ರೋಲಿನಲ್ಲಿ ಮೂರು ಪಟ್ಟಿ ಸಿಗುತ್ತದೆ, ಅಂದರೆ ಮೂರು ರೋಲ್. ದೊಡ್ಡ ಹೂವಿನ ಡಿಸೈನ್ ಆದರೆ ಹೊಂದಿಸುವುದರಲ್ಲೇ ಕಾಗದ ಪೋಲಾಗಿ ನಾಲ್ಕು ಬೇಕಾದೀತು. ಎಲ್ಲದರ ಬ್ಯಾಚ್ ನಂಬರ್ ಒಂದೇ ಇರಲಿ, ಇಲ್ಲದಿದ್ದರೆ ಬಣ್ಣದಲ್ಲಿ ವ್ಯತ್ಯಾಸ ಕಾಣುತ್ತದೆ. ನಮ್ಮ ಹವೆಗೆ ನಾನ್‌ವೋವನ್ ಕಾಗದ, ಅಂದರೆ ನೇಯದೆ ನಾರುಗಳನ್ನು ಒತ್ತಿ ಮಾಡಿದ್ದು, ವಾಸಿ. ಪ್ಲಾಸ್ಟಿಕ್ ಪದರದ ದಪ್ಪ ವಿನೈಲ್ ಕಾಗದ ಗೋಡೆಯ ತೇವವನ್ನು ಒಳಗೇ ಕಟ್ಟಿಹಾಕುತ್ತದೆ.

ಅಂಟಿಸುವ ಮೊದಲು ಆ ಕೋಣೆಯ ಕರೆಂಟ್ ತೆಗೆದು, ಸ್ವಿಚ್‌ಬೋರ್ಡಿನ ಮುಚ್ಚಳ ಬಿಚ್ಚಿಡಿ. ಮೂಲೆಯನ್ನು ನಂಬಿ ಶುರು ಮಾಡಬೇಡಿ. ಮೂಲೆ ನೆಟ್ಟಗಿರುವುದು ಅಪರೂಪ. ಮೇಸ್ತ್ರಿಗಳು ಬಳಸುವ ತೂಕದ ಗುಂಡು ಇಳಿಬಿಟ್ಟು ಪೆನ್ಸಿಲ್ ಗೆರೆ ಹಾಕಿ, ಮೊದಲ ಪಟ್ಟಿಯನ್ನು ಅದಕ್ಕೆ ಸರಿಯಾಗಿ ಹಿಡಿಯಿರಿ. ಮೇಲೆ ಕೆಳಗೆ ಎರಡೆರಡು ಇಂಚು ಜಾಸ್ತಿ ಬಿಡಿ.

ನಾನ್‌ವೋವನ್ ಆದರೆ ಅಂಟನ್ನು ಗೋಡೆಗೇ ಹಚ್ಚಬೇಕು, ಒಂದು ಸಲಕ್ಕೆ ಒಂದು ಪಟ್ಟಿಯಷ್ಟು ಜಾಗಕ್ಕೆ ಮಾತ್ರ. ಕಾಗದವನ್ನು ಮೇಲಿನಿಂದ ಇಳಿಸಿ, ನಡುವಿನಿಂದ ಅಂಚಿನತ್ತ ಬ್ರಷ್ ಎಳೆಯುತ್ತಾ ಗಾಳಿ ಹೊರಹಾಕಿ. ಜೋಡಣೆಯಲ್ಲಿ ಎರಡು ಅಂಚುಗಳು ಮುಟ್ಟಬೇಕು, ಒಂದರ ಮೇಲೊಂದು ಏರಬಾರದು. ಹೊರಬಂದ ಅಂಟನ್ನು ಒದ್ದೆ ಸ್ಪಂಜಿನಲ್ಲಿ ತಕ್ಷಣ ಒರೆಸಿ. ಹೆಚ್ಚುವರಿ ಅಂಚು ಕತ್ತರಿಸಲು ಹೊಸ ಬ್ಲೇಡ್ ಬಳಸಿ. ಮೊಂಡಾದದ್ದು ಒದ್ದೆ ಕಾಗದವನ್ನು ಹರಿಯುತ್ತದೆ. ಒಣಗುವವರೆಗೆ ಫ್ಯಾನ್ ಹಾಕಬೇಡಿ, ಬೇಗ ಒಣಗಿದರೆ ಜೋಡಣೆ ಬಾಯಿ ಬಿಡುತ್ತದೆ.

ಮಳೆಗಾಲದಲ್ಲಿ ಕಪಾಟನ್ನು ಈ ಗೋಡೆಯಿಂದ ಮೂರು ಇಂಚು ದೂರ ಇಡಿ, ಹಿಂದೆ ಗಾಳಿಯಾಡಲಿ. ಉಳಿದ ಕಾಗದದ ತುಂಡನ್ನು ಬಿಸಾಡದೆ ಎತ್ತಿಡಿ, ಎಲ್ಲಾದರೂ ಹರಿದರೆ ತೇಪೆಗೆ ಬೇಕಾಗುತ್ತದೆ.