ಫ್ಯಾನಿಲ್ಲದ ಮನೆಯಲ್ಲಿ 38 ಡಿಗ್ರಿ: ಜರ್ಮನಿಯ ಬೇಸಿಗೆ ಕಳೆಯುವುದು ಹೇಗೆ?

"ರಾಯಚೂರಿನವನಿಗೆ ಜರ್ಮನಿಯಲ್ಲಿ ಧಗೆಯಾ?" ಎಂದು ಊರಲ್ಲಿ ಎಲ್ಲರೂ ನಗುತ್ತಾರೆ. ಮೊದಲ ವರ್ಷ ನಾನೂ ನಕ್ಕಿದ್ದೆ. ಆಮೇಲೆ ಮಾನ್‌ಹೈಮ್‌ನ ನಾಲ್ಕನೇ ಮಹಡಿಯ ಅಟ್ಟದ ಮನೆಯಲ್ಲಿ ಒಂದು ಜುಲೈ ಕಳೆದೆ. ರಾತ್ರಿ ಎರಡು ಗಂಟೆಗೆ ಬಚ್ಚಲಿನ ಟೈಲ್ಸ್ ಮೇಲೆ ಹೋಗಿ ಮಲಗಿದೆ. ನಗು ಅಲ್ಲಿಗೆ ನಿಂತಿತು.

ರೈನ್ ಕಣಿವೆಯ ಈ ಪಟ್ಟಿ ಜರ್ಮನಿಯಲ್ಲೇ ಬಿಸಿಯಾದ ಜಾಗಗಳಲ್ಲಿ ಒಂದು. ಪಕ್ಕದ ಕಾರ್ಲ್ಸ್‌ರೂಹೆ 2003ರ ಆಗಸ್ಟ್‌ನಲ್ಲೇ 40.2 ಡಿಗ್ರಿ ಕಂಡಿತ್ತು. 2019ರ ಜುಲೈ 25ರಂದು ಡ್ಯೂಸ್‌ಬರ್ಗ್ ಕಡೆ 41.2 ಆಯಿತು. ಊರಿನ 42ಕ್ಕೆ ಇದೇನು ಮಹಾ ಅನ್ನಿಸಬಹುದು. ಆದರೆ ಇಲ್ಲಿ ಸೀಲಿಂಗ್ ಫ್ಯಾನ್ ಇಲ್ಲ, ಕಿಟಕಿ ಮೇಲೆ ಸಜ್ಜಾ ಇಲ್ಲ. ಚಳಿಗಾಲದ ಬಿಸಿ ಹೊರಗೆ ಹೋಗದಂತೆ ಕಟ್ಟಿದ ಗೋಡೆ, ಬೇಸಿಗೆಯಲ್ಲೂ ಒಳಗಿನ ಬಿಸಿಯನ್ನು ಬಿಟ್ಟುಕೊಡುವುದಿಲ್ಲ.

ಪ್ರತಿ ವರ್ಷ ಹೊಸದಾಗಿ ಬಂದ ನಮ್ಮವರು ಒಂದೇ ತಪ್ಪು ಮಾಡುತ್ತಾರೆ. ಧಗೆ ಅಂದ ಕೂಡಲೇ ಕಿಟಕಿ ತೆರೆಯುತ್ತಾರೆ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

1. ಎರಡು ಥರ್ಮಾಮೀಟರ್ ತನ್ನಿ

ಒಂದು ಒಳಗೆ, ಇನ್ನೊಂದು ಹೊರಗೆ ಉತ್ತರದ ನೆರಳಿನಲ್ಲಿ. ಹೊರಗೆ ಒಳಗಿಗಿಂತ ಬಿಸಿ ಇದ್ದರೆ ಕಿಟಕಿ ಮುಚ್ಚಿ, ತಂಪಿದ್ದರೆ ತೆರೆಯಿರಿ. ಅಷ್ಟೇ. ಫೋನಿನಲ್ಲಿ ಬರುವ ತಾಪಮಾನ ನಿಮ್ಮ ಬಾಲ್ಕನಿಯದ್ದಲ್ಲ.

2. ಬಿಸಿಲನ್ನು ಗಾಜಿನ ಹೊರಗೇ ತಡೆಯಿರಿ

ಎಲ್ಲರೂ ಎಡವುವುದು ಇಲ್ಲೇ. ಆದ್ದರಿಂದ ನಿಧಾನವಾಗಿ ಹೇಳುತ್ತೇನೆ.

ಒಳಗಿನ ಪರದೆ ಎಷ್ಟೇ ದಪ್ಪವಿರಲಿ, ಬಿಸಿಲು ಅಷ್ಟರಲ್ಲಿ ಗಾಜು ದಾಟಿ ಮನೆಯೊಳಗೆ ಬಂದಾಗಿರುತ್ತದೆ. ಪರದೆ ತಾನು ಕಾದು ಕೋಣೆಯನ್ನೂ ಕಾಯಿಸುತ್ತದೆ. ಇದನ್ನು ತಡೆಯುವುದಕ್ಕೆ ಇಲ್ಲಿನ ಬಹಳ ಮನೆಗಳಲ್ಲಿ ರೋಲಾಡೆನ್ ಇರುತ್ತದೆ. ಗಾಜಿನ ಹೊರಗೆ ಪಟ್ಟಿ ಪಟ್ಟಿಯಾಗಿ ಇಳಿಯುವ ಷಟರ್ ಅದು. ನಮ್ಮವರು ಅದನ್ನು ರಾತ್ರಿ ಮಲಗುವಾಗ ಮಾತ್ರ ಇಳಿಸುತ್ತಾರೆ. ಧಗೆಯ ದಿನ ಕೆಲಸ ಇರುವುದು ಹಗಲಿಗೆ.

ಯಾವ ಕಿಟಕಿ ಯಾವಾಗ? ನಮ್ಮ ಊರಿನ ಲೆಕ್ಕ ಇಲ್ಲಿ ಬಿಟ್ಟುಬಿಡಿ. ಊರಲ್ಲಿ ಏಪ್ರಿಲ್‌ನ ಸೂರ್ಯ ನೆತ್ತಿಯ ಮೇಲೆ, ಸಂಜೆ ಏಳಕ್ಕೆ ಕತ್ತಲೆ. ಇಲ್ಲಿ ಜೂನ್‌ನಲ್ಲಿ ಬೆಳಿಗ್ಗೆ ಐದೂಕಾಲಿಗೆ ಹುಟ್ಟಿ ರಾತ್ರಿ ಒಂಬತ್ತೂವರೆಗೆ ಮುಳುಗುತ್ತಾನೆ. ಗಡಿಯಾರವನ್ನು ಬೇಸಿಗೆಗೆಂದು ಒಂದು ಗಂಟೆ ಮುಂದೆ ತಳ್ಳಿರುವುದರಿಂದ ನಿಜವಾದ ನಡುಮಧ್ಯಾಹ್ನ ಬರುವುದೇ ಒಂದೂವರೆಗೆ. ಝಳ ಏರುವುದು ನಾಲ್ಕರಿಂದ ಆರರ ಹೊತ್ತಿಗೆ. ಅದೂ ಇಳಿಬಿಸಿಲು, ಗಾಜಿನಿಂದ ನೇರ ಸೋಫಾದವರೆಗೆ ನುಗ್ಗುತ್ತದೆ. ಆಫೀಸಿನಿಂದ ಬಂದು "ಸಂಜೆಯಾಯ್ತಲ್ಲ" ಎಂದು ಆರಕ್ಕೆ ಪಶ್ಚಿಮದ ರೋಲಾಡೆನ್ ಎತ್ತಿದಿರೋ, ಇಡೀ ದಿನದ ಶ್ರಮ ನೀರು ಪಾಲು. ಪಶ್ಚಿಮದ್ದನ್ನು ಸೂರ್ಯ ಮುಳುಗುವ ತನಕ ಮುಟ್ಟಬೇಡಿ.

ಪೂರ್ವದ ಕಿಟಕಿಗೆ ಬೇರೆ ಉಪಾಯ. ಬೆಳಿಗ್ಗೆ ಆರಕ್ಕೆ ಗಾಳಿ ಇನ್ನೂ ತಂಪು, ಬಿಸಿಲು ಮಾತ್ರ ಆಗಲೇ ಚುರುಕು. ರೋಲಾಡೆನ್ ಇಳಿಸಿ, ಆದರೆ ಪಟ್ಟಿಗಳ ನಡುವಿನ ಸಂದು ಕಾಣುವಷ್ಟು ಸಡಿಲ ಬಿಡಿ. ಅದರ ಹಿಂದಿನ ಗಾಜಿನ ಕಿಟಕಿ ತೆರೆದೇ ಇರಲಿ. ಎಂಟರ ಸುಮಾರಿಗೆ ಹೊರಗಿನ ಥರ್ಮಾಮೀಟರ್ ಒಳಗಿನದನ್ನು ಹಿಡಿಯಲು ಬಂದಾಗ ಎರಡನ್ನೂ ಬಿಗಿಯಾಗಿ ಮುಚ್ಚಿ.

ಈಚೆಗೆ ಬಂದಿದ್ದ ನಮ್ಮಪ್ಪ, "ಹಾಡಹಗಲು ಕತ್ತಲೆ ಮಾಡಿಕೊಂಡು ಕೂಡೋದು ಏನು ಕರ್ಮನಪ್ಪಾ" ಎಂದು ಸಿಡಿಮಿಡಿಗೊಂಡರು. ರಾಯಚೂರಿನ ಮಾಳಿಗೆ ಮನೆಯಲ್ಲಿ ಅವರಮ್ಮ ಹತ್ತು ಗಂಟೆಗೆಲ್ಲ ಬಾಗಿಲು ಮುಂದೆ ಮಾಡಿ, ಬೆಳಕಿಂಡಿಯೊಂದನ್ನೇ ಬಿಡುತ್ತಿದ್ದರು. ನೆನಪಿಸಿದ ಮೇಲೆ ಅಪ್ಪ ಸುಮ್ಮನಾದರು.

ಅಟ್ಟದ ಮನೆಯ ಇಳಿಜಾರು ಕಿಟಕಿಗೆ ಎಷ್ಟೋ ಕಡೆ ರೋಲಾಡೆನ್ ಇರುವುದಿಲ್ಲ. ಹಾಗಿದ್ದರೆ ಪ್ರಥಮ ಚಿಕಿತ್ಸೆಯ ಡಬ್ಬಿಯಲ್ಲಿ ಬರುವ ಬೆಳ್ಳಿ ಹಾಳೆಯ ಕಂಬಳಿ ತನ್ನಿ. ಕಿಟಕಿ ತೆರೆದು, ಬೆಳ್ಳಿ ಮುಖ ಹೊರಗೆ ಬರುವಂತೆ ಗಾಜಿನ ಹೊರಬದಿಗೆ ಹಾಸಿ, ಅಂಚನ್ನು ಒಳಗೆ ಮಡಚಿ, ಚೌಕಟ್ಟಿನಲ್ಲಿ ಕಚ್ಚಿಕೊಳ್ಳುವಂತೆ ಮುಚ್ಚಿ. ಹಾಳೆ ಸಿಗದಿದ್ದರೆ ಬಿಳಿ ಬೆಡ್‌ಶೀಟೂ ನಡೆಯುತ್ತದೆ. ಗುಡುಗು ಮಳೆ ಬರುವ ಮುಂಚೆ ತೆಗೆಯಲು ಮರೆಯಬೇಡಿ.

ಗಾಜಿನ ಒಳಬದಿಗೆ ಕಪ್ಪು ಹಾಳೆಯನ್ನೋ ಥರ್ಮಾಕೋಲನ್ನೋ ಅಂಟಿಸುವವರಿದ್ದಾರೆ. ದಯವಿಟ್ಟು ಬೇಡ. ಗಾಜಿನ ಒಂದು ಭಾಗ ಕಾದು ಇನ್ನೊಂದು ತಣ್ಣಗಿದ್ದರೆ ಜೋಡಿ ಗಾಜು ಬಿರುಕು ಬಿಡುತ್ತದೆ. ನನ್ನ ಗೆಳೆಯನಿಗೆ ಹೀಗೇ ಆಯಿತು. ಮನೆ ಮಾಲೀಕರು ಬಿಲ್ಲನ್ನು ಅವನಿಗೇ ಕಳಿಸಿದರು.

ಇದೆಲ್ಲ ಧಗೆಯ ಮೊದಲ ದಿನವೇ ಶುರುವಾಗಬೇಕು. ಇಟ್ಟಿಗೆ, ಕಾಂಕ್ರೀಟು ಒಮ್ಮೆ ಕಾದರೆ ಬೇಗ ತಣಿಯುವುದಿಲ್ಲ. ಮೂರನೇ ದಿನ ಎಚ್ಚರವಾದರೆ ಗೋಡೆಯೇ ಒಲೆಯಾಗಿರುತ್ತದೆ.

3. ರಾತ್ರಿ ಪೂರ್ತಿ ತೆರೆಯಿರಿ

ಇಲ್ಲಿನ ಕಿಟಕಿಯ ಹಿಡಿಯನ್ನು ಮೇಲಕ್ಕೆ ತಿರುಗಿಸಿದರೆ ಅದು ತಲೆಯಷ್ಟನ್ನೇ ಓರೆ ಮಾಡುತ್ತದೆ. ಇದಕ್ಕೆ ಕಿಪ್ ಮಾಡುವುದು ಅನ್ನುತ್ತಾರೆ. ಆ ಸಂದಿನಿಂದ ರಾತ್ರಿಯಿಡೀ ಬರುವ ಗಾಳಿ ಏನಕ್ಕೂ ಸಾಲದು. ಹಿಡಿಯನ್ನು ಅಡ್ಡಕ್ಕೆ ತಿರುಗಿಸಿ ಬಾಗಿಲಿನಂತೆ ಪೂರ್ತಿ ತೆರೆಯಿರಿ. ಎದುರು ಬದುರು ಎರಡು ಕಿಟಕಿ, ನಡುವಿನ ಬಾಗಿಲುಗಳೂ ತೆರೆದಿರಲಿ. ಮೇಜಿನ ಫ್ಯಾನ್ ಇದ್ದರೆ ಅದರ ಮುಖವನ್ನು ಹೊರಗೆ ತಿರುಗಿಸಿ ಒಂದು ಕಿಟಕಿಯಲ್ಲಿಡಿ. ಒಳಗಿನ ಬಿಸಿಯನ್ನು ಅದು ಆಚೆ ದಬ್ಬುತ್ತದೆ, ಇನ್ನೊಂದು ಕಿಟಕಿಯಿಂದ ತಂಪು ಒಳಗೆ ಬರುತ್ತದೆ.

ಆದರೆ ಒಂದು ಎಚ್ಚರಿಕೆ. ನಮ್ಮ ಊರಿನಂತೆ ಇಲ್ಲಿನ ಕಿಟಕಿಗೆ ಸರಳು ಇರುವುದಿಲ್ಲ. ಪುಟ್ಟ ಮಕ್ಕಳಿರುವ ಕೋಣೆಯ ಕಿಟಕಿಯನ್ನು ಕಿಪ್‌ನಲ್ಲೇ ಬಿಡಿ. ಕಿಟಕಿ ಪಕ್ಕ ಕುರ್ಚಿ, ಮಂಚ ಬೇಡ.

4. ಮಷೀನುಗಳ ಮಾತು

ಸೊಂಡಿಲಿರುವ ಪೋರ್ಟಬಲ್ ಎಸಿ ತಂದವರು ಸೊಂಡಿಲನ್ನು ಕಿಪ್ ಮಾಡಿದ ಕಿಟಕಿಯಲ್ಲಿ ತೂರಿಸಿ ಕೂರುತ್ತಾರೆ. ಅದು ಕೋಣೆಯ ಗಾಳಿಯನ್ನೇ ಹೊರಗೆ ಎಸೆಯುತ್ತದೆ. ಆ ಜಾಗ ತುಂಬಲು ಬೀದಿಯ ಬಿಸಿಗಾಳಿ ಅದೇ ಸಂದಿನಿಂದ ಒಳಗೆ ಬರುತ್ತದೆ. ಜಿಪ್ ಇರುವ ಕಿಟಕಿ ಬಟ್ಟೆ ಹಾಕಿ ಸಂದು ಮುಚ್ಚದಿದ್ದರೆ ಎಸಿ ದಂಡ. ಕರೆಂಟು ಗಂಟೆಗೆ ಸುಮಾರು ಒಂದು ಯೂನಿಟ್ ಎಳೆಯುತ್ತದೆ. ಗೋಡೆಯ ಎಸಿಗೆ ಮಾಲೀಕರ ಒಪ್ಪಿಗೆ ಬೇಕು, ಸಿಗುವುದು ಅಪರೂಪ.

ಫೋನಿನ ಜಾಹೀರಾತಿನಲ್ಲಿ ಬರುವ ಅಂಗೈಯಗಲದ "ಮಿನಿ ಕೂಲರ್" ಮೋಸ. ನಮ್ಮ ಕಡೆಯ ದೊಡ್ಡ ಕೂಲರ್ ಕೆಲಸ ಮಾಡುವುದು ಹೊರಗಿನ ಒಣಗಾಳಿ ಎಳೆದು, ಒದ್ದೆ ಗಾಳಿ ಆಚೆ ಹೋಗಲು ದಾರಿ ಇರುವುದರಿಂದ. ಮುಚ್ಚಿದ ಕೋಣೆಯಲ್ಲಿ ಈ ಆಟಿಕೆ ಹಬೆ ತುಂಬಿಸುತ್ತದೆ ಅಷ್ಟೇ. ಒದ್ದೆ ಬಟ್ಟೆ ನೇತು ಹಾಕುವುದೂ ಅಷ್ಟೇ, ರಾತ್ರಿ ಕಿಟಕಿ ತೆರೆದ ಮೇಲೆ ಮಾತ್ರ.

5. ಮೈಗೆ

ಉಗುರುಬೆಚ್ಚಗಿನ ನೀರಿನ ಸ್ನಾನ, ಹತ್ತಿಯ ಬಟ್ಟೆ, ಮನೆಯಲ್ಲಿ ಲುಂಗಿ. ಓವನ್ ಬೇಡ, ಒಗ್ಗರಣೆಯ ಕೆಲಸ ಬೆಳಿಗ್ಗೆಯೇ ಮುಗಿಸಿ. ಅಂಗಡಿಯ ಬಟರ್‌ಮಿಲ್ಖ್ ದಪ್ಪ. ಅದಕ್ಕೆ ಎರಡರಷ್ಟು ನೀರು, ಉಪ್ಪು, ಶುಂಠಿ, ಕೊತ್ತಂಬರಿ ಹಾಕಿದರೆ ನಮ್ಮ ಮಜ್ಜಿಗೆ. ನಲ್ಲಿ ನೀರು ಕುಡಿಯಲು ಒಳ್ಳೆಯದೇ, ಬಾಟಲಿ ಹೊರಬೇಡಿ. ಇಡ್ಲಿ ಹಿಟ್ಟು ರುಬ್ಬಿದರೆ ಅರ್ಧ ಪಾತ್ರೆ ಮಾತ್ರ ತುಂಬಿಸಿ. ಜನವರಿಯಲ್ಲಿ ಎರಡು ದಿನ ಕಾದರೂ ಉಬ್ಬದ ಹಿಟ್ಟು ಈಗ ಆರು ಗಂಟೆಯಲ್ಲಿ ಕಟ್ಟೆಯ ಮೇಲೆ ಹರಿದಿರುತ್ತದೆ.

6. ಊರಿಂದ ಬಂದ ಹಿರಿಯರು

ಇವರದೇ ಹೆಚ್ಚು ಚಿಂತೆ. 2003ರ ಧಗೆಯಲ್ಲಿ ಯುರೋಪಿನಲ್ಲಿ ಸುಮಾರು 70,000 ಜನ ಸತ್ತರೆಂದು ಅಂದಾಜು. ಅವರಲ್ಲಿ ಮುದುಕರೇ ಬಹಳ. ವಯಸ್ಸಾದವರಿಗೆ ಬಾಯಾರಿಕೆ ಗೊತ್ತಾಗುವುದು ಕಮ್ಮಿ. ಬಿಪಿಗೆ ನೀರಿಳಿಸುವ ಮಾತ್ರೆ ನುಂಗುತ್ತಿದ್ದರೆ ಎಷ್ಟು ನೀರು, ಮಾತ್ರೆ ಎಷ್ಟು ಎಂದು ಮುಂಚೆಯೇ ಡಾಕ್ಟರನ್ನು ಕೇಳಿಟ್ಟುಕೊಳ್ಳಿ. ತೆರೆಯದ ಇನ್ಸುಲಿನ್ ಫ್ರಿಜ್ಜಿನಲ್ಲಿರಲಿ. ಕೋಣೆಯ ತಾಪ 40 ದಾಟಿದರೆ ಫ್ಯಾನ್ ಮೈಯನ್ನು ಇನ್ನಷ್ಟು ಕಾಯಿಸುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ.

ಮಾತು ತೊದಲಿದರೆ, ಗೊಂದಲಗೊಂಡರೆ, ಮೈ ಕೆಂಡವಾಗಿದ್ದರೆ ಕಾಯಬೇಡಿ. 112ಕ್ಕೆ ಫೋನ್ ಮಾಡಿ, ನೆರಳಿಗೆ ತಂದು ಮೈಗೆ ನೀರು ಹಾಕಿ ಗಾಳಿ ಬೀಸಿ. "ಸ್ವಲ್ಪ ಮಲಗಿದ್ರೆ ಸರಿ ಹೋಗುತ್ತೆ" ಎಂಬ ಮಾತು ಕೇಳಬೇಡಿ. ಅಪ್ಪನದ್ದಂತೂ ಕೇಳಲೇಬೇಡಿ.

ಇನ್ನು ಫ್ಯಾನ್. ಧಗೆಯ ವಾರ ಅಂಗಡಿಗೆ ಹೋದರೆ ಸಿಗುವುದು ಖಾಲಿ ಕಪಾಟು. ಫೆಬ್ರುವರಿಯಲ್ಲಿ ಹಿಮ ಬೀಳುವಾಗ ಹೋಗಿ. ಕ್ಯಾಷಿಯರ್ ವಿಚಿತ್ರವಾಗಿ ನೋಡುತ್ತಾರೆ, ನೋಡಲಿ.